ಬೇರೆ ಊರಿನ ಗಾಳಿಗೆ ಬರೆದ ನಕಾಶೆ

ನಿವೃತ್ತಿಯ ಶಾಲು ಹೊದಿಸಿಕೊಂಡಾಗ ನನ್ನ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಹೊದಿಸಿದವರು ಹೊಂಬಳ ಸರ್. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ರಾಸಾಯನಿಕ ಕಾರ್ಖಾನೆಗಳ ನಕಾಶೆ ಬರೆದುಕೊಡುವ, ಅವು ಲಾಭಕ್ಕೆ ಬರುತ್ತವೋ ಇಲ್ಲವೋ ಲೆಕ್ಕ ಹಾಕಿಕೊಡುವ ಕಚೇರಿಯ ಮಾಲೀಕರು. "ನೀವು ಇನ್ನ ನಿವೃತ್ತಿ ತಗೋರಿ ಮಲ್ಲಿಕಾರ್ಜುನ, ಭಾಳ ದಣದೀರಿ," ಎಂದವರೇ ಮರುದಿನ ಎಲ್ಲರನ್ನೂ ಕೂಡಿಸಿ ಹಾರ, ಶಾಲು, ಒಂದು ಡಜನ್ ಬಾಳೆಹಣ್ಣು ಕೊಟ್ಟು ಕಳಿಸಿದರು. ಕೆಲಸದಿಂದ ತೆಗೆದರೆ ಊರಲ್ಲಿ ಮಾತಾಗುತ್ತದೆ, ನಿವೃತ್ತಿ ಕೊಟ್ಟರೆ ಫೋಟೋ ಆಗುತ್ತದೆ. ಆ ಫೋಟೋದಲ್ಲಿ ನಾನು ಹಲ್ಲು ಕಿರಿದುಕೊಂಡು ನಿಂತಿದ್ದೇನೆ. ಬಾಳೆಹಣ್ಣು ಛಲೋ ಇದ್ದವು, ಅದನ್ನು ಮುಚ್ಚಿಡುವುದಿಲ್ಲ.

ಈಗ ನಾನು ಓದಿದ ಕಾಲೇಜಿನ ಕೆಮಿಕಲ್ ವಿಭಾಗದ ಮಕ್ಕಳು ತಮ್ಮ ವಾರ್ಷಿಕ ಸಂಚಿಕೆಗೆ ನಿವೃತ್ತ ಎಂಜಿನಿಯರುಗಳಿಂದ ಅನುಭವ ಬರೆಸುತ್ತಿದ್ದಾರೆ. ಹೊಂಬಳ ಸರ್ ಗೋಡೆಗೆ ಹಾಕಿಸಿದ ಆ ಫೋಟೋ ನಂಬಿ ನನ್ನನ್ನೂ ಕೇಳಿದ್ದಾರೆ. ಉಳಿದ ನಿವೃತ್ತರಿಗೆ ಬಿಪಿ, ಶುಗರ್, ಮೊಣಕಾಲು ನೋವು ಇರುತ್ತವೆ. ನನಗಿರುವ ಕಾಯಿಲೆ ಸಿಟ್ಟೊಂದೇ. ಅದು ಗುಳಿಗೆಗೆ ಇಳಿಯುವಂಥದ್ದಲ್ಲ, ಹೀಗೆ ಬರೆದರೆ ಸ್ವಲ್ಪ ಇಳಿದೀತು.

ಮೊದಲು ನನ್ನ ಚಾಳಿ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಕೆಟ್ಟಿತು, ಅದರಿಂದಲೇ ಒಂದಷ್ಟು ಸುಧಾರಿಸಿತು. ಯಾರ ಮಾತು ಕೇಳಿದರೂ ಅವರ ದನಿ ನನ್ನ ಗಂಟಲಲ್ಲಿ ಬಂದು ಕೂತುಬಿಡುತ್ತದೆ. ನಮ್ಮ ಮನೆ ಉಣಕಲ್ಲಿನಲ್ಲಿ, ಅಪ್ಪ ಹತ್ತಿ ದಲಾಲ. ಸಣ್ಣವನಿದ್ದಾಗ ಅಪ್ಪ ಬೈದರೆ ಅವನ ದನಿಯಲ್ಲೇ ಅವನನ್ನು ತಿರುಗಿ ಬೈದು ಎರಡು ಸಲ ಹೊಡೆತ ತಿನ್ನುತ್ತಿದ್ದೆ. ಹೊಂಬಳ ಸರ್ ಅವರಿಗೆ ಮೂರು ದನಿ. ಗಿರಾಕಿಯ ಮುಂದೆ ಬೆಣ್ಣೆಯದು, ಬ್ಯಾಂಕಿನವರ ಮುಂದೆ ಗಂಟೆಯದು, ನಮ್ಮ ಮುಂದೆ ಗರಗಸದ್ದು. ಮೂರೂ ನನಗೆ ಬರುತ್ತವೆ. ನನ್ನ ಸ್ವಂತ ದನಿಯೂ ಒಂದಿದೆ: ಸಾಹೇಬರ ಎದುರಿಗೆ "ಆತ್ರಿ ಸರ್, ಹೂಂ ಸರ್" ಎನ್ನುವಾಗ ಮೂಗಿನಿಂದ ಹೊರಡುವ, ಹಾಲಿನ ಪಾತ್ರೆ ಎದುರು ಕೂತ ಬೆಕ್ಕಿನ ದನಿ. ಅದನ್ನು ಅಣಕಿಸಿದರೆ ಕಚೇರಿಯಲ್ಲಿ ಎಲ್ಲರಿಗಿಂತ ಹೆಚ್ಚು ನಗು ಬೀಳುತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ದಿನವೇ ಒಂದು ಪ್ರಾಜೆಕ್ಟ್ ರಿಪೋರ್ಟು ನನ್ನ ಕೈಗೆ ಬಂತು. ಹೂಡಿದ ಬಂಡವಾಳ ಎಷ್ಟು ವರ್ಷಕ್ಕೆ ಹೊರಳಿ ಬರುತ್ತದೆ ಎಂದು ಕೊನೆಗೆ ಒಂದು ಸಾಲು ಇರುತ್ತದೆ. ನಾನು ಯಂತ್ರಗಳಿಂದ, ಪೈಪುಗಳಿಂದ, ಸಂಬಳದಿಂದ ಕೂಡಿಸುತ್ತ ಕೂತೆ. ಹೊಂಬಳ ಸರ್ ಬಂದು ಬೆನ್ನ ಹಿಂದೆ ನಿಂತರು.

"ಏನ್ ಮಾಡ್ಲಿಕ್ಕತ್ತೀರಿ?"

"ಲೆಕ್ಕಾ ಮಾಡಾಕತ್ತೇನ್ರಿ ಸರ್."

"ಮ್ಯಾಲಿಂದ ಕೆಳಗ ಯಾಕ ಇಳೀತೀರಿ? ಬ್ಯಾಂಕಿನವರು ಎಷ್ಟ ವರ್ಷಕ್ಕ ಹೂಂ ಅಂತಾರ, ಅದನ್ನ ಕೆಳಗ ಬರೀರಿ. ಆಮ್ಯಾಲೆ ಮ್ಯಾಲ ಏರಕೋತ ಹೋಗ್ರಿ. ಎಲ್ಲಿ ಅಡ್ಡ ಬರ್ತದ, ಅಲ್ಲಿ ಕೊಯ್ರಿ."

ನಾನು ಬೆಕ್ಕಿನ ದನಿಯಲ್ಲಿ ಹೂಂ ಎಂದೆ. ಆಮೇಲೆ ಗೊತ್ತಾಯಿತು, ಮೊದಲು ಕೊಯ್ಯಲ್ಪಡುವುದು ಯಾವಾಗಲೂ ಒಂದೇ ಜಾತಿಯ ಸಾಮಾನು. ಸೋರಿಕೆ ಹಿಡಿಯುವ ಉಪಕರಣ, ಇನ್ನೊಂದು ಬಾಗಿಲು, ಎರಡು ಕಟ್ಟಡಗಳ ನಡುವಿನ ಖಾಲಿ ಜಾಗ. ಮಾಲೀಕ ಕೂರುವ ಕೋಣೆಯ ಎ.ಸಿ. ಯಾವ ರಿಪೋರ್ಟಿನಲ್ಲೂ ಕೊಯ್ಯಲ್ಪಟ್ಟಿದ್ದನ್ನು ನಾನು ಕಾಣಲಿಲ್ಲ.

ನಕಾಶೆಗಳ ಕಥೆಯೂ ಇದೇ. ಸಮುದ್ರದ ದಂಡೆಯ ಒಂದು ಊರಲ್ಲಿ ಹೊಂಬಳ ಸರ್ ವಯಸ್ಸಿನಲ್ಲಿದ್ದಾಗ ಕೆಲಸ ಮಾಡಿದ್ದರು. ಅಲ್ಲಿಂದ ಒಂದು ಪೆಟ್ಟಿಗೆ ನಕಾಶೆ ತಂದಿದ್ದರು. ನಮ್ಮ ಕಚೇರಿಯ ವಿನ್ಯಾಸವೆಂದರೆ ಆ ಪೆಟ್ಟಿಗೆ. ಗಿರಾಕಿ ಬಣ್ಣದ ಕಾರ್ಖಾನೆ ಕೇಳಿದರೆ ಬಣ್ಣದ್ದು, ಎಣ್ಣೆಯದು ಕೇಳಿದರೆ ಎಣ್ಣೆಯದು ತೆಗೆದು, ಮೂಲೆಯಲ್ಲಿದ್ದ ಹೆಸರು ಅಳಿಸಿ, ಹೊಸ ಹೆಸರು ಬರೆಯುವುದು. ಒಬ್ಬ ಅಣಕುಗಾರನಾಗಿ ನನಗೆ ಇದು ನಾಚಿಕೆಯ ವಿಷಯ. ಇನ್ನೊಬ್ಬರ ದನಿ ತೆಗೆಯುವವನು ಆ ಮನುಷ್ಯ ಎಲ್ಲಿ ಉಸಿರು ಎಳೆಯುತ್ತಾನೆ ಎಂದು ನೋಡಿಕೊಳ್ಳುತ್ತಾನೆ. ಇವರು ಅಷ್ಟನ್ನೂ ನೋಡುತ್ತಿರಲಿಲ್ಲ.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕಕ್ಕೆ ಆ ಪೆಟ್ಟಿಗೆಯಿಂದ ಬಾಯ್ಲರಿನ ಬಿಸಿನೀರಿನ ಪಂಪು ಕೊಟ್ಟೆವು. ಸಮುದ್ರದಂಡೆಯಲ್ಲಿ ಚೆನ್ನಾಗಿ ಓಡಿದ ಪಂಪು. ಧಾರವಾಡ ಎತ್ತರದ ಊರು, ಇಲ್ಲಿ ಗಾಳಿಯ ಒತ್ತಡ ಕಡಿಮೆ. ಬಿಸಿನೀರು ಪಂಪಿನ ಬಾಯಿಗೆ ಬರುವ ಮೊದಲೇ ಒಳಗೊಳಗೇ ಕುದಿದು ಗುಳ್ಳೆಯಾಗುತ್ತಿತ್ತು. ಪಂಪು ಜಲ್ಲಿಕಲ್ಲು ಅಗಿಯುವ ಹಾಗೆ ಸದ್ದು ಮಾಡುತ್ತಿತ್ತು. ಅಲ್ಲಿ ನನಗೆ ದಾವಲ್ ಕಾಕಾ ಸಿಕ್ಕ. ದಾವಲಸಾಬ, ಬಾಯ್ಲರ್ ನೋಡಿಕೊಳ್ಳುವವ, ಸುಟ್ಟ ಹುಬ್ಬಿನ ದೊಡ್ಡ ಮೀಸೆಯ ಮನುಷ್ಯ.

"ತಮ್ಮಾ, ಈ ಪಂಪಿಗೆ ಹಲ್ಲ ಬಂದಾವೇನೋ," ಎಂದ. "ನನಗಿದ್ದೂ ಬೀಳಾಕತ್ತಾವು, ಇದಕ್ಕ ಬರಾಕತ್ತಾವು."

ನಾನು ಹೋಗಿ ಹೊಂಬಳ ಸರ್ ಅವರಿಗೆ ಹೇಳಿದೆ. "ಹ್ಯಾಂಗ ಸದ್ದ ಮಾಡ್ತದ?" ಎಂದರು. ಗಂಟಲಲ್ಲಿ ಮಾಡಿ ತೋರಿಸಿದೆ. ಅವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಂದಿನಿಂದ ಗಿರಾಕಿಗಳಿಗೆ ಊಟ ಹಾಕಿಸಿದಾಗಲೆಲ್ಲ ಗೋಧಿ ಹುಗ್ಗಿ ಬಡಿಸುವ ಮೊದಲು "ಮಲ್ಲೂ, ಆ ಪಂಪ್ ಮಾಡ್ರಿ" ಎನ್ನುವುದು ಒಂದು ಪದ್ಧತಿಯಾಯಿತು. ನಾನು ಮಾಡುತ್ತಿದ್ದೆ. ಕೈ ತಟ್ಟುತ್ತಿದ್ದರು. ಖರೇ ಪಂಪು ಮಾತ್ರ ಬೇಲೂರಿನಲ್ಲಿ ತನ್ನ ಪಾಡಿಗೆ ಕಲ್ಲು ಅಗಿಯುತ್ತಲೇ ಇತ್ತು. ನಾನು ಕೊಟ್ಟ ದೂರು ಊಟದ ಜೊತೆಯ ಹಪ್ಪಳವಾಗಿತ್ತು. ಮಕ್ಕಳೇ, ನೀವು ಹೋಗುವ ಕಚೇರಿಯಲ್ಲಿ ಎಲ್ಲರನ್ನೂ ನಗಿಸುವ ಕೆಲಸ ಒಪ್ಪಿಕೊಳ್ಳುವ ಮೊದಲು ಒಮ್ಮೆ ವಿಚಾರ ಮಾಡಿ. ಅದಕ್ಕೆ ಬೇರೆ ಸಂಬಳ ಇಲ್ಲ, ರಜೆಯೂ ಇಲ್ಲ.

ಆಮೇಲೆ ಬಂದರು ಶಿವಾನಂದ ಸಾವಕಾರರು. ತಲೆಮಾರುಗಳಿಂದ ಹತ್ತಿಯ ಮನೆತನ. ನಮ್ಮ ಅಪ್ಪನಿಗೂ ಪರಿಚಯ. ಹತ್ತಿಕಾಳಿನಿಂದ ಎಣ್ಣೆ ತೆಗೆಯುವ ದೊಡ್ಡ ಕಾರ್ಖಾನೆ ಹಾಕಬೇಕೆಂದು ಹೊರಟಿದ್ದರು. ಗಾಣದಲ್ಲಿ ಹಿಂಡಿದ ಮೇಲೂ ಹಿಂಡಿಯಲ್ಲಿ ಎಣ್ಣೆ ಉಳಿಯುತ್ತದೆ. ಅದನ್ನು ಹೆಕ್ಸೇನ್ ಎಂಬ ದ್ರವದಲ್ಲಿ ತೊಳೆದು ತೆಗೆಯುತ್ತಾರೆ. ಹೆಕ್ಸೇನ್ ಎಂದರೆ ಪೆಟ್ರೋಲಿನ ಒಡಹುಟ್ಟಿದ ತಂಗಿ ಎಂದುಕೊಳ್ಳಿ, ವಾಸನೆಯೂ ಹಾಗೇ, ಸ್ವಭಾವವೂ ಹಾಗೇ. ಅದರ ಆವಿ ಗಾಳಿಗಿಂತ ಭಾರ. ಮೇಲೆ ಹಾರಿ ಹೋಗುವುದಿಲ್ಲ, ನೆಲ ಹಿಡಿದು ತೆವಳುತ್ತ ಬೆಂಕಿ ಎಲ್ಲಿದೆ ಎಂದು ಹುಡುಕಿಕೊಂಡು ಹೋಗುತ್ತದೆ. ಅಂಥ ಕಾರ್ಖಾನೆಗೆ ಉಗಿ ಬೇಕು, ಉಗಿಗೆ ಬಾಯ್ಲರ್ ಬೇಕು, ಬಾಯ್ಲರಿಗೆ ಬೆಂಕಿ ಬೇಕು. ಹಾಗಾಗಿ ಬೆಂಕಿಯನ್ನು ಗಾಳಿ ಬರುವ ಕಡೆಗೂ, ಹೆಕ್ಸೇನನ್ನು ಗಾಳಿ ಹೋಗುವ ಕಡೆಗೂ ಇಡುವುದು ಈ ಕಸುಬಿನ ಮೊದಲ ಪಾಠ.

ಪೆಟ್ಟಿಗೆಯಿಂದ ನಕಾಶೆ ಬಂತು. ಪಡುವಣಕ್ಕೆ ಬಾಯ್ಲರ್, ಮೂಡಣಕ್ಕೆ ಹೆಕ್ಸೇನ್ ಮನೆ, ಪಡುವಣದಿಂದ ಮೂಡಣಕ್ಕೆ ಗಾಳಿಯ ಬಾಣದ ಗುರುತು. ಸಾವಕಾರರ ಜಾಗವೂ ಮೂಡಣ ಪಡುವಣ ಉದ್ದಕ್ಕೆ ಪಟ್ಟಿಯ ಹಾಗಿತ್ತು. ದರ್ಜಿ ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

ಪಕ್ಕದ ಮೇಜಿನಲ್ಲಿ ಖರ್ಚಿನ ಲೆಕ್ಕ ಮಾಡುತ್ತಿದ್ದವಳು ರೇಷ್ಮಾ, ಆಗಷ್ಟೇ ಓದು ಮುಗಿಸಿ ಸೇರಿದ ಹುಡುಗಿ. ಅವಳ ಲೆಕ್ಕದಲ್ಲಿ ಒಂದು ಸಾಲು ಕಂಡೆ. ಪ್ರತಿ ಟನ್ನು ಕಾಳಿಗೆ ಇಷ್ಟು ಹೆಕ್ಸೇನ್ ನಷ್ಟ, ಅದರ ಬೆಲೆ ಇಷ್ಟು.

"ರೇಷ್ಮಾ, ಈ ನಷ್ಟ ಆಗೂದು ಎಲ್ಲಿ ಹೊಕ್ಕೈತಿ?"

"ಖರ್ಚಿನ್ಯಾಗ ಹೊಕ್ಕೈತ್ರಿ ಸರ್."

"ಅಲ್ಲವಾ, ಖರೇನ ಎಲ್ಲಿ ಹೊಕ್ಕೈತಿ?"

ಅವಳು ನನ್ನ ಮುಖ ನೋಡಿದಳು. ಯಾರ ಅಣಕ ಇದು ಎಂದು ಹುಡುಕಿದಳು. ಸಿಗಲಿಲ್ಲ. "ಗಾಳ್ಯಾಗ್ರಿ," ಎಂದಳು.

"ಯಾ ಕಡೆ ಗಾಳ್ಯಾಗ?"

ನಾನು ಕೇಳಿದ್ದು ತಮಾಷೆಗೇ. ಆದರೆ ಕೇಳಿದ ಮೇಲೆ ನನಗೇ ಉತ್ತರ ಬೇಕಾಯಿತು. ಈ ಕಸುಬಿನ ಬಗ್ಗೆ ನನಗೆ ಇವತ್ತಿಗೂ ಆರದ ಸಿಟ್ಟು ಇದು: ಒಂದು ಮೇಜಿನಲ್ಲಿ "ನಷ್ಟ" ಎಂದು ಬರೆದು ಬೆಲೆ ಕಟ್ಟುತ್ತಾರೆ, ಇನ್ನೊಂದು ಮೇಜಿನಲ್ಲಿ ನಕಾಶೆ ಬರೆಯುತ್ತಾರೆ, ಆ ನಷ್ಟವಾದ ಹೆಕ್ಸೇನ್ ಈ ನಕಾಶೆಯ ಮೇಲೆ ಎಲ್ಲಿ ತೆವಳುತ್ತದೆ ಎಂದು ಎರಡು ಮೇಜುಗಳೂ ಮಾತಾಡಿಕೊಳ್ಳುವುದಿಲ್ಲ. ದುಡ್ಡಾಗಿ ಬರೆದುಬಿಟ್ಟರೆ ಅದು ಆವಿಯಾಗಿ ಉಳಿಯುವುದಿಲ್ಲ ಎಂದು ನಮ್ಮವರು ನಂಬಿದ್ದರು.

ಉತ್ತರ ಕೊಟ್ಟಿದ್ದು ನನ್ನ ಮೂಗು. ಹತ್ತಿಯ ಮನೆಯಲ್ಲಿ ಹುಟ್ಟಿ ಹತ್ತಿಯ ಎಳೆಗೆ ಸೀನುವ ನತದೃಷ್ಟ ನಾನು. ನಮ್ಮ ಉಣಕಲ್ಲಿನ ಮನೆಗೆ ಮೂಡಣ ದಿಕ್ಕಿಗೆ ಒಂದು ಹತ್ತಿ ಬಿಡಿಸುವ ಮಿಲ್ಲು ಇತ್ತು. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಕಿತ್ತುಕೊಂಡು ಬರುತ್ತದೆ, ಅದು ಹುಬ್ಬಳ್ಳಿ ಧಾರವಾಡದಲ್ಲಿ ಕೊಡೆ ಮುರಿದುಕೊಂಡ ಎಲ್ಲರಿಗೂ ಗೊತ್ತು. ಆದರೆ ಹತ್ತಿ ಬರುವುದು ಮಳೆಗಾಲದಲ್ಲಲ್ಲ, ಚಳಿಗಾಲದಲ್ಲಿ. ಆಗ ಅವ್ವ ಮೂಡಣ ಕಡೆಯ ಕಿಡಕಿ ಮುಚ್ಚಿಸುತ್ತಿದ್ದಳು. ಆದರೂ ಆ ಮಿಲ್ಲಿನ ಎಳೆಗಳೆಲ್ಲ ಹಾರಿ ನಮ್ಮ ಪಡಸಾಲೆಗೆ ಬರುತ್ತಿದ್ದವು, ನಾನು ಸಂಕ್ರಾಂತಿ ದಾಟುವ ತನಕ ಸೀನುತ್ತಿದ್ದೆ. ಹವಾಮಾನದ ಪಟ್ಟಿ ತರಿಸಿ ನೋಡಿದೆ. ನನ್ನ ಮೂಗು ಹೇಳಿದ್ದು ಸರಿಯಿತ್ತು. ವರ್ಷದ ಜೋರು ಗಾಳಿ ಪಡುವಣದ್ದು. ಕಾಳು ಬಂದು ಕಾರ್ಖಾನೆ ಓಡುವ ತಿಂಗಳುಗಳ ಗಾಳಿ ಮೂಡಣದ್ದು. ಅಂದರೆ ಸಾವಕಾರರ ಕಾರ್ಖಾನೆ ಓಡುವಷ್ಟು ಕಾಲವೂ ಹೆಕ್ಸೇನಿನ ಆವಿ ನೇರವಾಗಿ ಬಾಯ್ಲರಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ.

ಆ ಬಾಯ್ಲರಿನ ಮುಂದೆ ಕೂರಲು ಯಾರು ಬರುತ್ತಾರೆಂದು ಅದೇ ವಾರ ತಿಳಿಯಿತು. ದಾವಲ್ ಕಾಕಾ ಫೋನು ಮಾಡಿದ್ದ. "ತಮ್ಮಾ, ನೀ ಮಾಡೂ ಹೊಸಾ ಕಾರ್ಖಾನಿಗೆ ನನ್ನ ಕರದಾರೋ. ಹೊಸಾ ಬಾಯ್ಲರ್. ಈ ಕಲ್ಲ ತಿನ್ನೂ ಪಂಪಿನ ಕಾಟಾ ತಪ್ಪತು."

ಹೊಂಬಳ ಸರ್ ಕೋಣೆಗೆ ಹೋಗಿ ಹೇಳಿದೆ. ಬಾಯ್ಲರನ್ನು ಗಾಳಿಯ ದಾರಿಯಿಂದ ತಪ್ಪಿಸಿ ತೆಂಕಣಕ್ಕೆ ಒಯ್ಯಬೇಕು, ಅಲ್ಲಿ ಸಾವಕಾರರದೇ ಹಳೆಯ ಗೋದಾಮು ಇದೆ, ಅದನ್ನು ಕೆಡವಿದರೆ ಆಯಿತು ಎಂದೆ. ಗೋದಾಮು ಕೆಡವುವುದು ಎಂದ ಕೂಡಲೇ ಅವರು ಕೆಳಗಿನ ಸಾಲು ನೋಡಿದರು. ಬಂಡವಾಳ ಹೊರಳಿ ಬರುವ ವರ್ಷ ಮುಂದೆ ಹೋಗುತ್ತಿತ್ತು. "ರಿಪೋರ್ಟ್ ಮುಗದದ. ನಾಡದ ಬ್ಯಾಂಕಿನವರು ಬರ್ತಾರ. ಆವತ್ತ ನೀವು ಬರೇ ಊಟಕ್ಕ ಬರ್ರಿ," ಎಂದರು.

ನಾನು ಊಟಕ್ಕಿಂತ ಮೊದಲೇ ಹೋದೆ. ಮೀಟಿಂಗಿನಲ್ಲಿ ಸಾವಕಾರರು, ಬ್ಯಾಂಕಿನ ಅಧಿಕಾರಿ, ಹೊಂಬಳ ಸರ್. ಹೊರಗೆ ಆಷಾಢದ ಮಳೆ. ಎದ್ದು ನಿಂತು, ನನ್ನದೇ ದನಿಯಲ್ಲಿ, ಬೆಕ್ಕನ್ನು ಹೊರಗೆ ಅಟ್ಟಿ, ಹೇಳಿದೆ. "ಸಾವಕಾರ್ರ, ಬಾಯ್ಲರ್ ತಪ್ಪ ಜಾಗಾದಾಗ ಐತ್ರಿ. ಕಾಳ ಬರೂ ಕಾಲಕ್ಕ ಗಾಳಿ ಮೂಡಣದಿಂದ ಬೀಸತೈತಿ. ಹೆಕ್ಸೇನಿನ ಆವಿ ಬೆಂಕೀಗೆ ಹೊಕ್ಕೈತ್ರಿ."

ಸಾವಕಾರರು ತೊಡೆ ತಟ್ಟಿ ನಕ್ಕರು. "ಭಲೆ ಮಲ್ಲೂ. ಇದು ಯಾರದೋ? ಫ್ಯಾಕ್ಟರಿ ಇನ್ಸ್‌ಪೆಕ್ಟರಂದ ಅಲ್ಲೇನು? ಹುಬೇಹೂಬ ಅವನ ದನೀನ ಬಿಡು."

"ಯಾರದೂ ಅಲ್ರಿ, ನಂದ."

ಅದಕ್ಕೆ ಇನ್ನೂ ಹೆಚ್ಚು ನಕ್ಕರು. ಹೊಂಬಳ ಸರ್ ಬೆಣ್ಣೆಯ ದನಿಯಲ್ಲಿ, "ಬರ್ರಿ, ಗಾಳಿ ಯಾ ಕಡಿಂದ ಬರ್ತದ, ನೋಡೇ ಬಿಡೋಣ," ಎಂದು ಪಡುವಣದ ಕಿಡಕಿ ತೆಗೆದರು. ಆಷಾಢದ ಗಾಳಿ. ಮೇಜಿನ ಮೇಲಿದ್ದ ಕಾಗದಗಳೆಲ್ಲ ಎದ್ದು ನನ್ನ ಮುಖಕ್ಕೆ ಬಡಿದವು. ನಾನು ಅವನ್ನು ಆರಿಸುತ್ತ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಾಗ ಬ್ಯಾಂಕಿನ ಅಧಿಕಾರಿ ಎಷ್ಟು ವರ್ಷ ಎಂದು ಕೇಳಿದರು. ಹೊಂಬಳ ಸರ್ ಗಂಟೆಯ ದನಿಯಲ್ಲಿ ಹೇಳಿದರು. ಮೀಟಿಂಗು ಮುಗಿಯಿತು. ಊಟಕ್ಕೆ ಪಂಪು ಮಾಡೆಂದರು, ಮಾಡಲಿಲ್ಲ. ನಕಾಶೆಗೆ ಸಹಿ ಹಾಕೆಂದರು, ಹಾಕಲಿಲ್ಲ. ನನ್ನ ನಿವೃತ್ತಿ ಆದದ್ದು ಹೀಗೆ. ಸಹಿಯನ್ನು ಬೇರೆಯವರು ಹಾಕಿದರು.

ಗಿರಾಕಿಗೆ ಹೇಳಿದ್ದಾಯಿತು, ಸಾಹೇಬರಿಗೆ ಹೇಳಿದ್ದಾಯಿತು. ಆಮೇಲೆ ಒಂದು ಸರಕಾರಿ ಕಚೇರಿಗೂ ಬರೆದೆ. ನಿಮ್ಮ ಪತ್ರ ತಲುಪಿದೆ ಎಂದು ಉತ್ತರ ಬಂತು. ಅಷ್ಟೇ ತಲುಪಿದ್ದು. ಉಳಿದವನೆಂದರೆ ದಾವಲ್ ಕಾಕಾ.

ಚಳಿಗಾಲ ಶುರುವಾದಾಗ ಜಾಗದಲ್ಲಿ ಸುಣ್ಣದ ಗೆರೆ ಎಳೆದಿದ್ದರು, ಎಲ್ಲಿ ಏನು ಕಟ್ಟುತ್ತಾರೆಂದು. ಒಂದು ಮುಂಜಾನೆ ಅವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅಪ್ಪನ ಅಂಗಡಿಯಿಂದ ಒಂದು ಚೀಲ ಅರಳೆ ತಂದಿದ್ದೆ.

"ಕಾಕಾ, ನೀ ಇಲ್ಲೇ ನಿಂದ್ರು. ಇದು ನಿನ್ನ ಬಾಯ್ಲರಿನ ಬಾಗಿಲಾ."

"ಛಲೋ ಐತೆಲ್ಲೋ. ಬಿಸಲ ಬರತೈತಿ."

ನಾನು ಹೆಕ್ಸೇನ್ ಮನೆಯ ಗೆರೆಯೊಳಗೆ ಹೋಗಿ ನಿಂತು ಅರಳೆಯನ್ನು ಚೂರು ಚೂರು ಹರಿದು ಬಿಡತೊಡಗಿದೆ. ಜೋರು ಗಾಳಿಯೇನಲ್ಲ, ಮೈಗೆ ತಾಗಿಯೂ ತಾಗದಂಥದ್ದು. ಎಳೆಗಳು ಅವಸರವಿಲ್ಲದೆ ತೇಲುತ್ತ, ನೆಲ ಸವರುತ್ತ ಹೋಗಿ ಒಂದೊಂದಾಗಿ ಕಾಕಾನ ಚಪ್ಪಲಿಗೆ, ಪೈಜಾಮಕ್ಕೆ, ಕೊನೆಗೆ ಮೀಸೆಗೆ ಹತ್ತಿದವು. ಮೊದಲು ಅವನು ನಗುತ್ತಿದ್ದ. "ಮುದುಕನ ಮಾಡಿ ಕಳಸ್ತೀಯೇನೋ ಮಗನ," ಎಂದ. ನಾನು ಇನ್ನೂ ಬಿಡುತ್ತಿದ್ದೆ, ನಡುನಡುವೆ ಸೀನುತ್ತಿದ್ದೆ. ಅವನು ಪೈಜಾಮದ ಮೇಲಿನ ಎಳೆ ಕಿತ್ತು ಕೈಯಲ್ಲಿ ಹಿಡಿದುಕೊಂಡ. ನಗು ನಿಂತಿತು.

"ಇದು ಪೆಟ್ರೋಲ್ ಅಂತ ತಿಳಕೋಬೇಕೇನು?"

"ಹೌದು ಕಾಕಾ."

"ಎಲ್ಲಾ ನನ್ನ ಹುಡಿಕ್ಕೊಂಡ ಬಂದ್ವೆಲ್ಲೋ."

"ಆ ಕೆಲಸಕ್ಕ ಹೋಗಬ್ಯಾಡ."

ಅವನು ಸುಣ್ಣದ ಗೆರೆಯ ಗುಂಟ ಒಮ್ಮೆ ನಡೆದು ತಿರುಗಿ ಬಂದ. "ನಾ ಹೋಗದಿದ್ರ ಇನ್ನೊಬ್ಬಾಂವ ಬರತಾನ," ಎಂದ. "ಅವಂಗ ನೀ ಅರಳಿ ತೋರಸಾಂವೇನು? ಉಳದದ್ದ ಇಲ್ಲೆ ಕೊಡು."

ಅರಳೆಯ ಚೀಲ ಬಗಲಲ್ಲಿ ಇಟ್ಟುಕೊಂಡು ಹೋದ.

ಮರುವರ್ಷದ ಕಾಳಿಗೆ ಕಾರ್ಖಾನೆ ಓಡಿತು. ದಾವಲ್ ಕಾಕಾ ಬಾಯ್ಲರಿನ ಬಾಗಿಲ ಮುಂದೆ ಒಂದು ತಂತಿ ಕಟ್ಟಿ ಅದಕ್ಕೆ ಅರಳೆಯ ಉಂಡೆಗಳನ್ನು ಸಿಕ್ಕಿಸಿದ್ದ. ಅವು ತನ್ನ ಕಡೆ ವಾಲಿದಾಗ, ಮೂಗಿಗೆ ಪೆಟ್ರೋಲ್ ವಾಸನೆ ಬಂದಾಗ, ಹೆಕ್ಸೇನ್ ಮನೆಗೆ ಗಂಟೆ ಹೊಡೆದು ತಿಳಿಸಿ ಬೆಂಕಿ ಇಳಿಸಿಬಿಡುತ್ತಿದ್ದ. ಬೆಂಕಿ ಇಳಿದರೆ ಉಗಿ ಇಲ್ಲ, ಉಗಿ ಇಲ್ಲದಿದ್ದರೆ ಇಡೀ ಕಾರ್ಖಾನೆ ನಿಲ್ಲಬೇಕು. ದಿನ ಬಿಟ್ಟು ದಿನ ನಿಲ್ಲತೊಡಗಿತು. ಬಂಡವಾಳ ಹೊರಳಿ ಬರುವ ವರ್ಷ, ಹೊಂಬಳ ಸರ್ ಗಂಟೆಯ ದನಿಯಲ್ಲಿ ಹೇಳಿದ್ದು, ತಂತಿಯ ಮೇಲಿನ ಅರಳೆಯ ಹಾಗೆ ಮುಂದೆ ಮುಂದೆ ವಾಲುತ್ತಾ ಹೋಯಿತು.

ಸಾವಕಾರರು ಕೆಂಡವಾಗಿ ಬಾಯ್ಲರ್ ಮನೆಗೆ ಬಂದರು. ಮುಂದಿನದು ಕಾಕಾ ನನಗೆ ಹೇಳಿದ್ದು. "ಏ ಸಾಬಾ, ನಿದ್ದಿ ಮಾಡಾಕ ಬೆಂಕಿ ಆರಸ್ತೀಯೇನು? ನಾಳಿಂದ ಬರಬ್ಯಾಡ," ಎಂದು ಕೂಗಾಡಿದರಂತೆ. ಕಾಕಾ ತಲೆ ತಗ್ಗಿಸಿ ನಿಂತಿದ್ದನಂತೆ. ಕೂಗಾಡುತ್ತಲೇ ಸಾವಕಾರರ ಕೈ ತಂತಿಯ ಕಡೆ ಹೋಯಿತು. ಹತ್ತಿ ವ್ಯಾಪಾರದವರ ಕೈ ಅದು, ಎಲ್ಲಿ ಅರಳೆ ಕಂಡರೂ ಕಿತ್ತು ಎರಡು ಹೆಬ್ಬೆರಳ ನಡುವೆ ಎಳೆದು ನೂಲಿನ ಉದ್ದ ನೋಡದೆ ಬಿಡುವುದಿಲ್ಲ. ನಮ್ಮ ಅಪ್ಪ ಆಸ್ಪತ್ರೆಯಲ್ಲಿ ಗಾಯಕ್ಕೆ ಇಟ್ಟ ಹತ್ತಿಯನ್ನೂ ಎಳೆದು ನೋಡಿದವನು. ಸಾವಕಾರರು ಎಳೆದರು, ಅಭ್ಯಾಸದ ಹಾಗೆ ಕಣ್ಣಿನ ಹತ್ತಿರ ತಂದರು. ಕಣ್ಣಿನ ಕೆಳಗೇ ಮೂಗಿದೆ. ಬೈಗಳ ಅರ್ಧಕ್ಕೆ ನಿಂತಿತು. ಇನ್ನೊಂದು ಎಳೆ ಕಿತ್ತು ಮೂಸಿದರು. ಹಿಂತಿರುಗಿ ಬಾಯ್ಲರಿನ ಬಾಗಿಲು ನೋಡಿದರು. ಅವತ್ತು ಬೆಂಕಿ ಆರಿತ್ತು. ಆರಿಸಿದವನನ್ನು ಅವರು ಆಗಷ್ಟೇ ಕೆಲಸದಿಂದ ತೆಗೆದಿದ್ದರು.

ಸಂಜೆ ಇಬ್ಬರೂ ಉಣಕಲ್ಲಿನ ನಮ್ಮ ಮನೆಗೆ ಬಂದರು. ಸಾವಕಾರರು ತಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕಾಕಾನನ್ನು ಕೂಡಿಸಿಕೊಂಡು ಬಂದಿದ್ದರು.

"ಮಲ್ಲೂ, ಆವತ್ತ ಮೀಟಿಂಗಿನ್ಯಾಗ ಇದನ್ನ ಯಾಕ ಹೇಳಲಿಲ್ಲ?"

"ಹೇಳಿದ್ನೆಲ್ರಿ. ನೀವು ತೊಡಿ ತಟ್ಟಿ ನಕ್ಕ್ರಿ."

ಅವರು ತಮ್ಮ ತೊಡೆಯ ಮೇಲಿದ್ದ ಕೈ ತೆಗೆದು ಮಡಚಿ ಇಟ್ಟುಕೊಂಡರು. "ಇನ್ನೊಮ್ಮೆ ಹೇಳು," ಎಂದರು.

ಹೇಳಿದೆ. ಈ ಸಲ ನಗಲಿಲ್ಲ. ಗೋದಾಮು ಕೆಡವಿದರು, ಬಾಯ್ಲರ್ ತೆಂಕಣಕ್ಕೆ ಹೋಯಿತು. ಹೊಸ ನಕಾಶೆ ನಾನೇ ಬರೆದುಕೊಟ್ಟೆ, ಚಳಿಗಾಲದ ಗಾಳಿಯ ಬಾಣ ನನ್ನ ಕೈಯಿಂದಲೇ ಎಳೆದೆ. ದಾವಲ್ ಕಾಕಾ ಈಗಲೂ ಅಲ್ಲೇ ಇದ್ದಾನೆ. ಮೀಸೆ ತಾನಾಗಿಯೇ ಬೆಳ್ಳಗಾಗುತ್ತಿದೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ನಗುನಗುತ್ತಾ ಬರೆಯುತ್ತಿದ್ದೆ. ಆದರೆ ಮೊನ್ನೆ ರೇಷ್ಮಾ ಫೋನು ಮಾಡಿದಳು. ಅವಳು ಇನ್ನೂ ಅದೇ ಕಚೇರಿಯಲ್ಲಿದ್ದಾಳೆ.

"ಸರ್, ಸಾವಕಾರ್ರಿಗೆ ನೀವು ಬರದ ಕೊಟ್ಟ ನಕಾಶೆ ಬ್ಯಾಂಕಿನವರ ಕಡಿಂದ ನಮ್ಮ ಪೆಟ್ಟಿಗ್ಯಾಗ ಬಂದೈತ್ರಿ. ಸಾಹೇಬ್ರು ಅದನ್ನ ರಾಯಚೂರ ಕಡೆ ಒಂದು ಪಾರ್ಟಿಗೆ ಕೊಡಾಕತ್ತಾರ. ಮೂಲ್ಯಾಗಿನ ಹೆಸರ ಅಷ್ಟ ಬದಲ ಮಾಡೀವಿ."

"ಬಾಣಾ?"

"ನಿಮ್ಮದ ಐತ್ರಿ."

"ಅಲ್ಲಿಗೆ ಯಾರರ ಹೋಗಿ ನೋಡೀರೇನು?"

"ಇಲ್ರಿ. ಸ್ಥಳೀಯ ಗಾಳಿಗೆ ತಕ್ಕ ವಿಶೇಷ ವಿನ್ಯಾಸ ಅಂತ ರಿಪೋರ್ಟಿನ್ಯಾಗ ಬರಿಸ್ಯಾರ. ನಾ ಕೇಳಿದ್ರ, ನೀನೂ ಮಲ್ಲು ಆಗಬ್ಯಾಡ ಅಂದ್ರು. ವಾರದಾಗ ಪಾಯಾ ತೋಡತಾರ್ರಿ."

ನನ್ನ ಬಾಣ. ಧಾರವಾಡದ ಚಳಿಗಾಲಕ್ಕೆ ಬರೆದದ್ದು. ಆ ಊರಲ್ಲಿ ಗಾಳಿ ಯಾವ ಕಡೆಯದೋ, ಆ ಜಾಗ ಯಾವ ಕಡೆ ಉದ್ದವೋ, ಬಾಯ್ಲರಿನ ಮುಂದೆ ಕೂರುವವನ ಹೆಸರು ಏನೋ, ಯಾರಿಗೂ ಗೊತ್ತಿಲ್ಲ. ಅವನ ಹತ್ತಿರ ಅರಳೆಯ ಚೀಲವಿಲ್ಲ. ನನ್ನ ದನಿಯಲ್ಲಿ ಆ ಗಿರಾಕಿಗೆ ಹೇಳಿದರೆ ಯಾವ ಮಲ್ಲಿಕಾರ್ಜುನ ಎನ್ನುತ್ತಾನೆ.

ರೇಷ್ಮಾಳಿಂದ ನಂಬರು ತೆಗೆದುಕೊಂಡೆ. ಒಂದು ಲೋಟ ನೀರು ಕುಡಿದೆ. ಬೆಣ್ಣೆಯ ದನಿ ಸಾಕೇ ಎಂದು ಯೋಚಿಸಿ, ಬೇಡ, ಗಂಟೆಯದೇ ಇರಲಿ ಎಂದುಕೊಂಡೆ.

"ನಾ ಹೊಂಬಳ ಮಾತಾಡ್ಲಿಕ್ಕತ್ತೇನಿ, ಹುಬ್ಬಳ್ಳಿಯಿಂದ. ಪಾಯಾ ತೋಡಬ್ಯಾಡ್ರಿ. ಕಾಳ ಬರೂ ತಿಂಗಳದಾಗ ನಿಮ್ಮ ಜಾಗಾದಾಗ ಖುದ್ದ ನಿಂದರ್ರಿ. ಗಾಳಿ ಯಾ ಕಡಿಂದ ಬರ್ತದ ನೋಡಿ ನನಗ ಹೇಳ್ರಿ. ಅಲ್ಲೀತನಾ ನಕಾಶೆ ಅಂತಿಮ ಅಲ್ಲ."

"ಆತ್ರಿ ಸರ್. ನೀವು ಹೇಳಿದ ಮ್ಯಾಲ ಮುಗೀತ್ರಿ," ಎಂದ ಆ ಮನುಷ್ಯ. ಯಾಕೆ ಎಂದು ಒಂದು ಮಾತೂ ಕೇಳಲಿಲ್ಲ. ಸಾವಕಾರರಿಗೆ ತಿಳಿಯಲು ಒಂದು ಕಾರ್ಖಾನೆ ಕಟ್ಟಬೇಕಾಗಿ ಬಂದ ಮಾತು ಆ ದನಿಯಲ್ಲಿ ಹೇಳಿದರೆ ಒಂದೇ ಉಸಿರಿನಲ್ಲಿ ಇಳಿಯಿತು. ಫೋನು ಇಟ್ಟ ಮೇಲೆ ಸಂತೋಷವಾಗಬೇಕಿತ್ತು. ಸಿಟ್ಟು ಇಮ್ಮಡಿಯಾಯಿತು.

ಆ ಗಿರಾಕಿ ಹೊಂಬಳ ಸರ್ ಅವರಿಗೆ ಧನ್ಯವಾದದ ಪತ್ರ ಕಳಿಸಿದ್ದಾನೆ, ಇಷ್ಟು ಕಾಳಜಿ ಮಾಡುವ ಎಂಜಿನಿಯರನ್ನು ಕಂಡಿಲ್ಲ ಎಂದು. ರೇಷ್ಮಾ ಹೇಳುತ್ತಾಳೆ, ಅದನ್ನು ಚೌಕಟ್ಟು ಹಾಕಿಸಿ ನನ್ನ ನಿವೃತ್ತಿಯ ಫೋಟೋದ ಪಕ್ಕದಲ್ಲೇ ತೂಗಿಹಾಕಿದ್ದಾರಂತೆ. ಈ ಸಂಚಿಕೆ ಅವರ ಮೇಜಿಗೂ ಹೋಗುತ್ತದೆ, ಹೋಗಲಿ. ಆ ಫೋನು ಮಾಡಿದ್ದು ತಾವಲ್ಲ ಎಂದು ಅವರು ಹೇಳಬಹುದು. ಆದರೆ ಹಾಗೆ ಹೇಳಬೇಕಾದರೆ, ಗಾಳಿ ನೋಡು ಎಂದು ತಾವು ಯಾರಿಗೂ ಯಾವತ್ತೂ ಹೇಳಿಲ್ಲ ಎಂದೂ ಹೇಳಬೇಕಾಗುತ್ತದೆ. ಪತ್ರ ಇನ್ನೂ ಗೋಡೆಯ ಮೇಲೇ ಇದೆ.